ಕಾಯಕಜೀವಿ ಹಳಕಟ್ಟಿಯವರು

ಧಾರವಾಡದಲ್ಲಿ 1880ರಲ್ಲಿ ಜನಿಸಿದ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ವಕೀಲರಾಗಿ ವಿಜಾಪುರದಲ್ಲಿ ನೆಲೆಸಿದರು. ಬರಗಾಲಕ್ಕೆ ತುತ್ತಾಗುತ್ತಿದ್ದ ಆ ಸೀಮೆಯ ಜನರ ಅಜ್ಞಾನವನ್ನೂ ಸಾಲದ ಬಾಧೆಯನ್ನೂ ಕಂಡು ಅವರ ಮನವು ಕರಗಿತು. ಮಕ್ಕಳ ವಿದ್ಯೆಗಾಗಿ 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯನ್ನೂ, ಬಡವರ ಆಸರೆಗಾಗಿ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಲು ಮುಂದಾಳಾದರು. ಅನ್ನ ಅಕ್ಷರಗಳೊಡನೆ ಅರಿವೂ ಬೆಳೆಯಬೇಕೆಂದು ಬಗೆದು, ಮನೆಮನೆಗಳಲ್ಲಿ ಅಡಗಿದ್ದ ತಾಳೆಯೋಲೆಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. 1964ರಲ್ಲಿ ಲಿಂಗೈಕ್ಯರಾದರು. ವೃತ್ತಿಯಲ್ಲಿದ್ದುಕೊಂಡೇ ಗಳಿಕೆಯನ್ನು ಸಮಾಜಕ್ಕೆ ಸವೆಸಿದ ಇವರ ಬಾಳಿನಲ್ಲಿ ಕಾಯಕವೂ ದಾಸೋಹವೂ ಒಂದಾಗಿ ಬೆರೆತುದನ್ನು ಸದ್ಗೃಹಸ್ಥರು ಕಾಣಬಹುದು.