ಅಮ್ಮೆಂಬಳ ಸುಬ್ಬರಾವ್ ಪೈಗಳು ಮತ್ತು ನಮ್ಮ ಮನೆಯ ಲೆಕ್ಕ

ಕಳೆದ ವರ್ಷ ನವೆಂಬರ್ 19ರಂದು ತಂದೆಯವರ ಪಾಸ್‌ಪುಸ್ತಕ ಬರೆಸಿಕೊಂಡು ಬರಲೆಂದು ನಾನು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಒಂದು ಶಾಖೆಗೆ ಹೋಗಿದ್ದೆ. ಒಳಗೆ ಹಿರಿಯರೊಬ್ಬರ ಭಾವಚಿತ್ರಕ್ಕೆ ಮಲ್ಲಿಗೆಯ ಹಾರ ಹಾಕಿದ್ದರು. ಅಂದು ಬ್ಯಾಂಕಿನ ಸ್ಥಾಪಕರ ದಿನವಂತೆ. ಚಿತ್ರದಲ್ಲಿದ್ದವರು ಅಮ್ಮೆಂಬಳ ಸುಬ್ಬರಾವ್ ಪೈಗಳು. ಅವರ ಹೆಸರನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆನಾದರೂ ಅವರು ಯಾರು, ಏನು ಮಾಡಿದರು ಎಂಬುದನ್ನು ತಿಳಿಯುವ ಗೋಜಿಗೆ ಹೋಗಿರಲಿಲ್ಲ. ಅದೇ ದಿನ ಪಾಸ್‌ಪುಸ್ತಕದ ಒಂದು ಸಾಲು ನನ್ನನ್ನು ಚಿಂತೆಗೀಡುಮಾಡಿತು. ತಂದೆಯವರು ಕೊಟ್ಟ ಬಿಲ್ಲು 45,000 ರೂಪಾಯಿಯದು. ಜಮೆಯಾದದ್ದು 44,550 ರೂಪಾಯಿ. ಉಳಿದ 450 ರೂಪಾಯಿ ಎಲ್ಲಿಗೆ ಹೋಯಿತು? ಈ ಪ್ರಶ್ನೆಯೂ ಆ ಭಾವಚಿತ್ರವೂ ನನ್ನ ಮನಸ್ಸಿನಲ್ಲಿ ಒಂದಕ್ಕೊಂದು ಹೆಣೆದುಕೊಂಡುವು. ಅದರ ಫಲವೇ ಈ ಲೇಖನ.

ಪೈಗಳು ಹುಟ್ಟಿದ್ದು 1852ರ ನವೆಂಬರ್ 19ರಂದು, ಮಂಗಳೂರಿಗೆ ಉತ್ತರದಲ್ಲಿರುವ ಮುಲ್ಕಿಯಲ್ಲಿ. ಕೊಂಕಣಿ ಮನೆಮಾತಿನ ಗೌಡ ಸಾರಸ್ವತ ಕುಟುಂಬ ಅವರದು. ತಂದೆ ಉಪೇಂದ್ರ ಪೈಗಳೂ ವಕೀಲರೇ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಉನ್ನತ ವಿದ್ಯೆ ಬೇಕೆಂದವನು ಮದರಾಸಿಗೇ ಹೋಗಬೇಕು. ಮಂಗಳೂರಿಗೆ ರೈಲು ಬಂದುದು 1907ರಲ್ಲಿ. ಪೈಗಳು ಮದರಾಸಿಗೆ ಓದಲು ಹೊರಟದ್ದು ಅದಕ್ಕೂ ಮೂವತ್ತು ವರ್ಷಗಳಿಗಿಂತ ಮೊದಲು. ಅಲ್ಲಿ ಕಾನೂನು ಓದಿ, ಊರಿಗೆ ಹಿಂತಿರುಗಿ, ಮಂಗಳೂರಿನಲ್ಲಿ ವಕೀಲಿ ಆರಂಭಿಸಿದರು. ಕಕ್ಷಿಗಳನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವುದಕ್ಕಿಂತ ಮೊದಲೇ ರಾಜಿ ಮಾಡಿಸುವ ವಕೀಲರೆಂಬ ಹೆಸರು ಅವರಿಗೆ ಬಂತು. ವಕೀಲನಾದವನಿಗೆ ಇದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂಬುದನ್ನು ಹೇಳಬೇಕಾಗಿಲ್ಲ.

ಆ ಕಾಲದ ಮಂಗಳೂರಿನ ವ್ಯಾಜ್ಯಗಳು ಎಂಥವು ಎಂಬುದನ್ನು ಸ್ವಲ್ಪ ಯೋಚಿಸಿ ನೋಡೋಣ. ಭೂಮಿಯೇ ಮುಖ್ಯ ಆಸ್ತಿ. ಮೂಲಗೇಣಿ, ಚಾಲಗೇಣಿ, ಅಡವು, ಸಾಲಪತ್ರ ಇವೇ ದಿನಬೆಳಗಾದರೆ ಕೇಳಿಬರುವ ಮಾತುಗಳು. ಸಾಲ ಕೊಟ್ಟವನ ಬಳಿ ಲೆಕ್ಕದ ಪುಸ್ತಕವಿರುತ್ತಿತ್ತು. ಸಾಲ ತಂದವನ ಬಳಿ ನೆನಪು ಮಾತ್ರ. 1872ರ ಸಾಕ್ಷ್ಯ ಕಾಯಿದೆಯು ಈ ವಿಷಯದಲ್ಲಿ ಒಂದು ವಿವೇಕದ ನಿಯಮವನ್ನು ಮಾಡಿತ್ತು. ವ್ಯವಹಾರದ ಕ್ರಮದಲ್ಲಿ ತಪ್ಪದೆ ಬರೆದುಕೊಂಡು ಬಂದ ಲೆಕ್ಕವನ್ನು ನ್ಯಾಯಾಲಯ ಪರಿಗಣಿಸಬಹುದು. ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆಯನ್ನು ಹೊರಿಸುವಂತಿಲ್ಲ. 2024ರ ಜುಲೈ 1ರಂದು ಆ ಕಾಯಿದೆಯ ಸ್ಥಾನಕ್ಕೆ ಹೊಸದೊಂದು ಬಂದರೂ ಈ ನಿಯಮ ಉಳಿದುಕೊಂಡಿದೆ. ನಿಯಮವೇನೋ ಬಡವನ ರಕ್ಷಣೆಗೆ ಇದೆ. ಆದರೆ ಎದುರು ಪಕ್ಷದವನು ಪುಸ್ತಕ ತೆರೆದು ತೋರಿಸುವಾಗ, ತಾನು ಕಂತು ಕಟ್ಟಿದ್ದೇನೆ ಎಂಬುದಕ್ಕೆ ಒಂದು ಚೀಟಿಯೂ ಇಲ್ಲದವನ ಮಾತಿಗೆ ಎಷ್ಟು ತೂಕ ಬಂದೀತು? ಇಂಥ ಮೊಕದ್ದಮೆಗಳ ನಡುವೆ ಮೂವತ್ತು ವರ್ಷ ಕಳೆದ ವಕೀಲರು ಮುಂದೆ ಉಳಿತಾಯದ ಸಂಸ್ಥೆಯೊಂದನ್ನು ಕಟ್ಟಿದ್ದು ಆಕಸ್ಮಿಕವಲ್ಲವೆಂದು ನನಗನಿಸುತ್ತದೆ.

ಅವರ ಕಾಲದಲ್ಲಿಯೇ ಇನ್ನೊಂದು ಲೆಕ್ಕವೂ ಜನರ ಮನೆಬಾಗಿಲಿಗೆ ಬಂದಿತ್ತು. ಅದು ವರಮಾನ ತೆರಿಗೆ. 1857ರ ದಂಗೆಯ ವೆಚ್ಚದಿಂದ ಬರಿದಾದ ಬೊಕ್ಕಸವನ್ನು ತುಂಬಲು 1860ರಲ್ಲಿ ಜೇಮ್ಸ್ ವಿಲ್ಸನ್ ಎಂಬ ಅರ್ಥಸಚಿವನು ಅದನ್ನು ಜಾರಿಗೆ ತಂದನು. ಮದರಾಸಿನ ಗವರ್ನರನಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಅದನ್ನು ಬಹಿರಂಗವಾಗಿ ವಿರೋಧಿಸಿ ತನ್ನ ಹುದ್ದೆಯನ್ನೇ ಕಳೆದುಕೊಂಡನು. ನಡುವೆ ನಿಂತು, ಮತ್ತೆ ಹುಟ್ಟಿ, ಕಡೆಗೆ 1886ರ ಕಾಯಿದೆಯಿಂದ ಈ ತೆರಿಗೆ ನೆಲೆಯೂರಿತು. ವ್ಯವಸಾಯದ ವರಮಾನಕ್ಕೆ ಅದರಲ್ಲಿ ವಿನಾಯಿತಿ. ವರ್ಷಕ್ಕೆ 500 ರೂಪಾಯಿಗಿಂತ ಕಡಮೆ ವರಮಾನದವರಿಗೂ ವಿನಾಯಿತಿ. 1903ರಲ್ಲಿ ಈ ಮಿತಿಯನ್ನು 1,000ಕ್ಕೆ ಏರಿಸಿದರು. 2,000 ರೂಪಾಯಿಗೆ ಮೇಲ್ಪಟ್ಟ ವರಮಾನವಿದ್ದವರು ರೂಪಾಯಿಗೆ 5 ಪೈಯಂತೆ ಕೊಡಬೇಕು. ರೂಪಾಯಿಗೆ 192 ಪೈಗಳಾದುದರಿಂದ, 2,400 ರೂಪಾಯಿ ವರಮಾನದ ವಕೀಲನೊಬ್ಬನ ತೆರಿಗೆ 62 ರೂಪಾಯಿ 8 ಆಣೆಯಾಗುತ್ತಿತ್ತು. ಗದ್ದೆ ತೋಟಗಳ ಒಡೆಯನಿಗೆ ಈ ಕಾಟವಿಲ್ಲ. ಆದರೆ ಪೇಟೆಯ ವಕೀಲ, ವರ್ತಕ, ನೌಕರ ಇವರೆಲ್ಲ ವರ್ಷದ ವರಮಾನವೆಷ್ಟೆಂದು ಹೇಳಬೇಕಾಗಿ ಬಂತು. ಹೇಳಬೇಕಾದರೆ ಮೊದಲು ತನಗೇ ತಿಳಿದಿರಬೇಕು, ತಿಳಿಯಬೇಕಾದರೆ ಬರೆದಿಟ್ಟಿರಬೇಕು.

ಬರೆಯಬೇಕಾದರೆ ಅಕ್ಷರ ಬೇಕಲ್ಲವೇ? ಪೈಗಳು ಬ್ಯಾಂಕಿಗಿಂತ ಮೊದಲು ಕಟ್ಟಿದ್ದು ಶಾಲೆಯನ್ನು. 1891ರಲ್ಲಿ ಕೆನರಾ ಹೈಸ್ಕೂಲು ಆರಂಭವಾಯಿತು. ಡೊಂಗರಕೇರಿಯಲ್ಲಿ ಅದು ಇಂದಿಗೂ ನಡೆಯುತ್ತಿದೆ. ಮೂರೇ ವರ್ಷಗಳಲ್ಲಿ, 1894ರಲ್ಲಿ, ಹೆಣ್ಣುಮಕ್ಕಳಿಗೂ ಒಂದು ಶಾಲೆಯನ್ನು ತೆರೆದರು. ಹುಡುಗಿಯರಿಗೆ ಓದು ಏಕೆ ಎಂದು ದೊಡ್ಡ ಮನೆಗಳಲ್ಲಿಯೂ ಕೇಳುತ್ತಿದ್ದ ಕಾಲವದು. ಮನೆಯ ಉಪ್ಪು, ಅಕ್ಕಿ, ಎಣ್ಣೆಗಳ ಖರ್ಚು ಹೆಂಗಸರ ಕೈಯಲ್ಲಿ ನಡೆಯುತ್ತಿದ್ದರೂ ಅದನ್ನು ಬರೆಯುವ ಲೇಖನಿ ಗಂಡಸರ ಕೈಯಲ್ಲಿತ್ತು. ಆ ಲೇಖನಿಯನ್ನು ಹೆಣ್ಣುಮಕ್ಕಳ ಕೈಗೆ ಕೊಟ್ಟವರಲ್ಲಿ ಪೈಗಳೂ ಒಬ್ಬರು.

ಇನ್ನು ಅವರ ಮಹತ್ಕಾರ್ಯಕ್ಕೆ ಬರೋಣ. 1906ರ ಜುಲೈ 1ರಂದು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಸಂಸ್ಥೆ ಆರಂಭವಾಯಿತು. ಪರ್ಮನೆಂಟ್ ಫಂಡ್ ಎಂಬ ಹೆಸರು ಅಂದು ಮದರಾಸು ಪ್ರಾಂತದಲ್ಲಿ ಪರಿಚಿತವಾಗಿತ್ತು. ಮದರಾಸಿನ ಮೈಲಾಪುರದಲ್ಲಿ 1872ರಷ್ಟು ಹಿಂದೆಯೇ ಅಂಥದೊಂದು ನಿಧಿಯಿತ್ತು. ಸದಸ್ಯರು ತಿಂಗಳು ತಿಂಗಳು ಸಣ್ಣ ಮೊತ್ತವನ್ನು ಕಟ್ಟುವುದು, ಅಗತ್ಯ ಬಿದ್ದವರು ಅದರಿಂದ ನ್ಯಾಯವಾದ ಬಡ್ಡಿಗೆ ಸಾಲ ಪಡೆಯುವುದು, ಇದೇ ಇಂಥ ನಿಧಿಗಳ ಮರ್ಮ. ದುಂದುವೆಚ್ಚವನ್ನು ಬಿಟ್ಟು ಮಿತವ್ಯಯವನ್ನು ರೂಢಿಸಿಕೊಳ್ಳಬೇಕು, ಅಜ್ಞಾನ ಮೂಢನಂಬಿಕೆಗಳು ತೊಲಗಬೇಕು, ಕಷ್ಟದಲ್ಲಿರುವವರಿಗೆ ನೆರವಾಗಬೇಕು, ಹಣದ ಸಂಸ್ಥೆಯು ಸಮಾಜದ ಹೃದಯವೂ ಆಗಬೇಕು ಎಂಬವು ಪೈಗಳ ಸಂಸ್ಥೆಯ ಮೂಲ ಧ್ಯೇಯಗಳು.

ಆ ವರ್ಷವೇನೂ ಶುಭವರ್ಷವಾಗಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಮದರಾಸಿನ ಪ್ರಸಿದ್ಧ ಅರ್ಬತ್ನಟ್ ಕಂಪೆನಿ ದಿವಾಳಿಯೆದ್ದಿತು. ಸಾವಿರಾರು ಮಂದಿಯ ಠೇವಣಿಗಳು ಮುಳುಗಿದುವು. ದೊರೆಗಳ ದೊಡ್ಡ ಹೆಸರನ್ನೇ ನೆಚ್ಚಿ ಹಣವಿಟ್ಟವರು ಕೈಸುಟ್ಟುಕೊಂಡರು. ಅಂಥ ಹೊತ್ತಿನಲ್ಲಿ ನಮ್ಮ ಕರಾವಳಿಯ ಜನ ಊರವರೇ ಕಟ್ಟಿದ, ಮುಖ ಕಂಡು ಮಾತಾಡಬಹುದಾದ ಸಂಸ್ಥೆಗಳನ್ನು ನಂಬಿದರು. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೊಳಕೆಯೊಡೆಯಿತು. ಮುಂದೆ 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ಮಂಗಳೂರಿನಲ್ಲಿ ವಿಜಯಾ ಬ್ಯಾಂಕು ಹುಟ್ಟಿದುವು. ಬ್ಯಾಂಕುಗಳ ತೊಟ್ಟಿಲೆಂದು ನಮ್ಮ ಜಿಲ್ಲೆಗೆ ಹೆಸರು ಬಂದುದು ಹೀಗೆ.

ತಾವು ನೆಟ್ಟ ಗಿಡ ಮರವಾದುದನ್ನು ನೋಡುವ ಭಾಗ್ಯ ಪೈಗಳಿಗಿರಲಿಲ್ಲ. ಫಂಡು ಆರಂಭವಾಗಿ ಮೂರು ವರ್ಷ ಕಳೆದಿತ್ತಷ್ಟೆ. 1909ರ ಜುಲೈ 25ರಂದು ಅವರು ಕಾಲವಾದರು. ಆಗ ಅವರಿಗೆ ಐವತ್ತಾರು ವರ್ಷ. ಮರುವರ್ಷ ಫಂಡು ಕೆನರಾ ಬ್ಯಾಂಕ್ ಎಂಬ ಹೆಸರನ್ನು ಪಡೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಅದೂ ಒಂದು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಅದರಲ್ಲಿ ವಿಲೀನವಾಯಿತು.

ಇನ್ನು ನನ್ನ 450 ರೂಪಾಯಿಯ ಕಥೆ. ನನ್ನ ತಂದೆಯವರು ಏಳನೆಯ ತರಗತಿಯವರೆಗೆ ಓದಿದವರು. ಕಟ್ಟಡಗಳಿಗೆ ಬಣ್ಣ ಬಳಿಯುವ ಸಣ್ಣ ಗುತ್ತಿಗೆಗಳನ್ನು ಹಿಡಿಯುತ್ತಾರೆ. ತಾಯಿ ಬೀಡಿ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಪ್ರತಿ ಬಿಲ್ಲಿನಲ್ಲಿಯೂ ಸ್ವಲ್ಪ ಹಣ ಕಡಮೆ ಬರುವುದನ್ನು ತಂದೆಯವರು ಬಲ್ಲರು. ಅದು ಯಾರದೋ ಕಮಿಷನ್ ಎಂದು ಅವರು ತಿಳಿದುಕೊಂಡಿದ್ದರು. ಕೆಲಸ ಕೈತಪ್ಪೀತೆಂಬ ಅಂಜಿಕೆಯಿಂದ ಕೇಳಿರಲಿಲ್ಲ. ಕೆಲಸ ಕೊಟ್ಟವರೂ ಹೇಳಿರಲಿಲ್ಲ.

ನಮ್ಮ ಅರ್ಥಶಾಸ್ತ್ರದ ಉಪನ್ಯಾಸಕರನ್ನು ಕೇಳಿದಾಗ ಗುಟ್ಟು ತಿಳಿಯಿತು. ಅದು ಮೂಲದಲ್ಲೇ ಕಡಿತವಾದ ವರಮಾನ ತೆರಿಗೆ, ನೂರಕ್ಕೆ ಒಂದರಂತೆ. ಆ ಹಣ ತಂದೆಯವರ ಪ್ಯಾನ್ ಸಂಖ್ಯೆಯ ಹೆಸರಿನಲ್ಲಿ ಸರಕಾರಕ್ಕೆ ಜಮೆಯಾಗಿತ್ತು. ವರಮಾನ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನೋಡಿದರೆ ಒಂದು ವರ್ಷದ್ದೇ 3,860 ರೂಪಾಯಿ. ಸಾಮಾನು, ಕೂಲಿ ಎಲ್ಲ ಕಳೆದರೆ ತಂದೆಯವರ ನಿಜವಾದ ವರಮಾನ ತೆರಿಗೆಯ ಮಿತಿಗಿಂತ ಎಷ್ಟೋ ಕೆಳಗೆ. ನಾವು ತೆರಿಗೆ ಕೊಡಬೇಕಾದವರೇ ಅಲ್ಲ. ಆದರೆ ಹಾಗೆಂದು ವಿವರಪತ್ರ ಸಲ್ಲಿಸಿ ಹೇಳದಿದ್ದರೆ ಹಣ ಹಿಂದಕ್ಕೆ ಬರುವುದಿಲ್ಲ. ತೆರಿಗೆ ಇಲ್ಲದವನಿಗೆ ವಿವರಪತ್ರವೇಕೆ ಎಂಬ ನಮ್ಮ ತಿಳಿವಳಿಕೆಯೇ ತಪ್ಪಾಗಿತ್ತು.

ತಡವಾದ ವಿವರಪತ್ರಕ್ಕೂ ಡಿಸೆಂಬರ್ 31 ಕಡೆಯ ದಿನವಾಗಿತ್ತು. ನಲವತ್ತು ದಿನಗಳಲ್ಲಿ ಬಿಲ್ಲುಗಳನ್ನೂ ಚೀಟಿಗಳನ್ನೂ ಕೂಡಿಸಬೇಕಾಯಿತು. ಬಣ್ಣದ ಅಂಗಡಿಯ ಬಿಲ್ಲುಗಳಲ್ಲಿ ಕೆಲವು ತಂದೆಯವರ ಅಂಗಿಯ ಜೇಬಿನಲ್ಲಿಯೇ ಒಗೆದುಹೋಗಿದ್ದುವು. ಕೂಲಿಯ ಲೆಕ್ಕ ಅವರ ತಲೆಯಲ್ಲಿತ್ತು. ಹೇಗೋ ಹೊಂದಿಸಿ ಸಲ್ಲಿಸಿದೆವು. ಫೆಬ್ರವರಿಯಲ್ಲಿ 3,860 ರೂಪಾಯಿ ಖಾತೆಗೆ ಬಂತು. ಆದರೆ ಅದರ ಹಿಂದಿನ ಎರಡು ವರ್ಷಗಳ ಗಡುವು ದಾಟಿತ್ತು. ವಿಳಂಬವನ್ನು ಮನ್ನಿಸಬೇಕೆಂದು ಪ್ರತ್ಯೇಕ ಅರ್ಜಿ ಹಾಕಲು ಅವಕಾಶವಿದೆಯಾದರೂ ಆ ವರ್ಷಗಳ ಒಂದು ಚೀಟಿಯೂ ನಮ್ಮಲ್ಲಿರಲಿಲ್ಲ. ತಂದೆಯವರು ಬಿಸಿಲಿನಲ್ಲಿ ಏಣಿಯ ಮೇಲೆ ನಿಂತು ಗಳಿಸಿದ ಹಣ ಅದು. ಕದ್ದವರು ಯಾರೂ ಇಲ್ಲ; ಬರೆದಿಡದೆ ನಾವೇ ಬಿಟ್ಟುಕೊಟ್ಟೆವು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪುಸ್ತಕ ಆರಂಭವಾಗಿದೆ. ಎಡಗಡೆ ಜಮಾ, ಬಲಗಡೆ ಖರ್ಚು. ತಂದೆಯವರ ಕೆಲಸದ ಖರ್ಚಿಗೆ ಬೇರೆ ಹಾಳೆ, ಮನೆಯ ಖರ್ಚಿಗೆ ಬೇರೆ. ಬಿಲ್ಲು, ರಶೀದಿ, ಮನೆ ತೆರಿಗೆ, ವಿಮೆ ಇವುಗಳ ಕಾಗದಗಳೆಲ್ಲ ವರ್ಷವಾರು ಲಕೋಟೆಗಳಲ್ಲಿ, ಲಕೋಟೆಗಳು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ. ತಿಂಗಳ ಕೊನೆಗೆ ಪಾಸ್‌ಪುಸ್ತಕದೊಂದಿಗೆ ತಾಳೆ ನೋಡುತ್ತೇವೆ. ಲೆಕ್ಕ ಬರೆಯಲು ನಾನು ತಾಯಿಗೆ ಹೇಳಿಕೊಡಬೇಕಾದೀತೆಂದು ಭಾವಿಸಿದ್ದೆ. ಆದರೆ ಕಟ್ಟಿದ ಬೀಡಿ, ತಂದ ಎಲೆ, ತಿರಸ್ಕೃತವಾದ ಕಟ್ಟು ಇವೆಲ್ಲವನ್ನೂ ವರ್ಷಗಳಿಂದ ದಿನವೂ ಗುರುತು ಹಾಕುತ್ತ ಬಂದವರು ಅವರು. ನಾಲ್ಕನೆಯ ತರಗತಿಯ ವಿದ್ಯೆಯಲ್ಲಿ ಅವರ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಈಗ ಪುಸ್ತಕ ಅವರ ಕೈಯಲ್ಲಿಯೇ ಇದೆ.

ಪೈಗಳು ಅನುಕೂಲಸ್ಥರ ಮನೆಯಲ್ಲಿ ಹುಟ್ಟಿದವರು. ತಮ್ಮ ವಿದ್ಯೆಯಿಂದ ತಮ್ಮ ಮನೆಯೊಂದನ್ನೇ ತುಂಬಿಕೊಂಡಿದ್ದರೂ ಯಾರೂ ಕೇಳುತ್ತಿರಲಿಲ್ಲ. ಅವರು ಕಲಿತದ್ದನ್ನು ಊರಿಗೆ ಹಂಚಿದರು. ನಮ್ಮ ಕಾಲೇಜಿನಲ್ಲಿ ನನ್ನಂತೆ ಮನೆಗೆ ಮೊದಲ ವಿದ್ಯಾವಂತರಾದವರು ಹಲವರಿದ್ದಾರೆ. ನಾವು ಬ್ಯಾಂಕು ಕಟ್ಟಲಾರೆವು, ಶಾಲೆ ತೆರೆಯಲಾರೆವು. ಆದರೆ ತಂದೆತಾಯಂದಿರ ಪಾಸ್‌ಪುಸ್ತಕವನ್ನು ಬಿಡಿಸಿ ಓದಬಲ್ಲೆವು. ಎಲ್ಲಿ ಏನು ಕಡಿತವಾಯಿತೆಂದು ಕೇಳಬಲ್ಲೆವು. 1961ರ ವರಮಾನ ತೆರಿಗೆ ಕಾಯಿದೆಯ ಬದಲು 2025ರಲ್ಲಿ ಹೊಸ ಕಾಯಿದೆಯಾಗಿದೆ. 2026ರ ಏಪ್ರಿಲ್ 1 ಅದು ಜಾರಿಗೆ ಬರುವ ದಿನ. ಕಾಯಿದೆ ಬದಲಾಗಬಹುದು, ನಮೂನೆಗಳ ಹೆಸರು ಬದಲಾಗಬಹುದು. ಬರೆದಿಟ್ಟ ಲೆಕ್ಕದ ಬೆಲೆ ಮಾತ್ರ ಬದಲಾಗದು. ಮಿತ್ರರೇ, ಈ ರಜೆಯಲ್ಲಿ ಮನೆಗೆ ಹೋದಾಗ ಒಂದು ಸಂಜೆಯನ್ನು ಆ ಕೆಲಸಕ್ಕೆ ಮೀಸಲಿಡಿರೆಂದು ನನ್ನ ವಿನಂತಿ.