ಸೇಲಂನ ಮಗ್ಗದಿಂದ ಮೈಸೂರಿನ ಗಂಧದೆಣ್ಣೆಗೆ

ಸೇಲಂ ಪಟ್ಟಣದ ನೇಕಾರ ಕೇರಿಗಳಲ್ಲಿ ದೇವಾಂಗರ ಮನೆ ಹೊಕ್ಕವರಿಗೆ ಪರವೂರಿಗೆ ಬಂದೆವೆಂದು ಅನಿಸದು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಅದು ನಮ್ಮ ಕನ್ನಡದಂತಿಲ್ಲ, ತಮಿಳಿನ ಮಗ್ಗುಲಲ್ಲಿ ಬಹುಕಾಲ ಬಾಳಿದ ಕನ್ನಡ, ಆದರೂ ಕನ್ನಡವೇ. ಶಾಲೆಯ ಭಾಷೆ ಒಂದು, ಅಡುಗೆಮನೆಯ ಭಾಷೆ ಒಂದು ಎಂಬ ಈ ಬಾಳು ಕಾಸರಗೋಡಿನ ನಮಗೆ ಹೊಸತೇನಲ್ಲ. ಈ ಊರಿನಲ್ಲಿ 1906ರಲ್ಲಿ ಒಬ್ಬ ಆಂಗ್ಲ ಪ್ರೊಫೆಸರರು ಮಗ್ಗಗಳ ಒಂದು ಕಾರ್ಖಾನೆ ತೆರೆದರು. ಅದು ಸೋತಿತು. ಆದರೆ ಅವರ ಹೆಸರನ್ನು ಮೈಸೂರಿನ ಗಂಧದೆಣ್ಣೆಯ ಚರಿತ್ರೆಯಿಂದ ಬಿಡಿಸಲಾಗದು. ಅವರೇ ಸರ್ ಆಲ್‌ಫ್ರೆಡ್ ಚಾಟರ್ಟನ್.

1866ರಲ್ಲಿ ಹುಟ್ಟಿದ ಚಾಟರ್ಟನ್‌ರು 1888ರಲ್ಲಿ ಮದರಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಪ್ರೊಫೆಸರರಾಗಿ ಬಂದರು. ಪಾಠ ಹೇಳಿ, ಪರೀಕ್ಷೆ ನಡೆಸಿ, ಬೇಸಗೆಯಲ್ಲಿ ಉದಕಮಂಡಲಕ್ಕೆ ಹೋಗಿ ಹಾಯಾಗಿರಬಹುದಾಗಿದ್ದ ನೌಕರಿ ಅದು. ಆದರೆ ಕಾಲೇಜಿನಲ್ಲಿ ಕಲಿಸುವ ವಿದ್ಯೆಗೂ ಊರಿನ ಕಮ್ಮಾರ, ಕಂಚುಗಾರ, ನೇಕಾರರ ಕಸುಬಿಗೂ ನಡುವೆ ಹಾದಿಯೇ ಇಲ್ಲವೆಂಬುದು ಅವರನ್ನು ಕಾಡಿತೆಂದು ಅವರ ಮುಂದಿನ ಕೆಲಸಗಳಿಂದ ನಾವು ಊಹಿಸಬಹುದು. ಮದರಾಸಿನ ಕಲಾಶಾಲೆಯ ಹೊಣೆ ಕೈಗೆ ಬಂದಾಗ, 1898ರಲ್ಲಿ, ಅಲ್ಲಿನ ಕೆಲಸಗಾರರಿಂದ ಅಲ್ಯುಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದರು. ತಾಮ್ರ ಹಿತ್ತಾಳೆಗಳನ್ನೇ ಬಲ್ಲ ಜನ ಮೊದಲು ಮೂಗು ಮುರಿದಿರಬೇಕು. ವ್ಯಾಪಾರ ಮಾತ್ರ ಕುದುರಿತು. 1903ರಲ್ಲಿ ಅದನ್ನು ಒಂದು ಖಾಸಗಿ ಕಂಪೆನಿಗೆ ಮಾರಿ ಸರಕಾರ ಕೈತೊಳೆದುಕೊಂಡಿತು. ಶಾಲೆಯಲ್ಲಿ ಪ್ರಯೋಗ, ನಡೆಯುತ್ತದೆಂದು ತೋರಿಸುವುದು, ಆಮೇಲೆ ವ್ಯಾಪಾರಿಗಳಿಗೆ ಒಪ್ಪಿಸಿ ಹೊರಬರುವುದು: ಇದು ಚಾಟರ್ಟನ್‌ರ ಕ್ರಮ. ಕ್ರೋಮ್ ಹದದ ತೊಗಲನ್ನೂ ಹೀಗೆಯೇ ಬಳಕೆಗೆ ತಂದರು. ಎತ್ತು ಹೂಡಿ ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿಗೆ ಆ ತೊಗಲು ಬಲು ಚೆನ್ನಾಗಿ ಒದಗಿತು. ನೀರಿನಲ್ಲಿ ಬೇಗ ಕೊಳೆಯದು. ಬಾವಿಗಳಿಗೆ ಎಣ್ಣೆ ಇಂಜಿನಿನ ಪಂಪು ಇಡಿಸುವ ಕೆಲಸಕ್ಕೂ ಅವರು ವರ್ಷಗಟ್ಟಲೆ ಓಡಾಡಿದರು.

ಇನ್ನು ಸೇಲಂ. ಆಗಿನ ಸೇಲಂ ಜಿಲ್ಲೆ ದೊಡ್ಡದು. 1965ರಲ್ಲಿ ಬೇರೆಯಾದ ಧರ್ಮಪುರಿ, ಅದರಿಂದ 2004ರಲ್ಲಿ ಒಡೆದ ಕೃಷ್ಣಗಿರಿ, ಕನ್ನಡದ ಮನೆಗಳುಳ್ಳ ಹೊಸೂರು ಸೀಮೆ, ಎಲ್ಲವೂ ಅದರೊಳಗೇ. ಮಿಲ್ಲಿನ ಬಟ್ಟೆಯ ಮುಂದೆ ಕೈಮಗ್ಗ ತತ್ತರಿಸುತ್ತಿದ್ದ ಕಾಲ. ಹಗ್ಗ ಎಳೆದರೆ ಹಾಸಿನ ಮೇಲೆ ತಾನೇ ಓಡುವ ಹಾರುಲಾಳಿಯನ್ನು ಕುಣಿಮಗ್ಗದ ನೇಕಾರರು ಹಿಡಿದರೆ ಒಂದು ದಿನದ ನೇಯ್ಗೆ ಬಹಳ ಹೆಚ್ಚುತ್ತದೆಂದು ಚಾಟರ್ಟನ್‌ರು ಲೆಕ್ಕ ಹಾಕಿದರು. ನಮ್ಮ ಕರಾವಳಿಗೆ ಇದು ಹೊಸ ಮಾತಲ್ಲ. ಮಂಗಳೂರು, ಕಣ್ಣೂರುಗಳಲ್ಲಿ ಬಾಸೆಲ್ ಮಿಶನ್ನಿನವರ ನೇಯ್ಗೆ ಕಾರ್ಖಾನೆಗಳು ಅದಕ್ಕೆ ಮೊದಲೇ ನಡೆಯುತ್ತಿದ್ದವು. ನೇಕಾರರನ್ನು ಒಂದೇ ಸೂರಿನಡಿ ಕೂರಿಸಿ, ಕೂಲಿ ಕೊಟ್ಟು, ಉದ್ದನೆಯ ಹಾಸು ಹಾಕಿ, ಗಂಜಿ ಹಾಕುವ ಕೆಲಸವನ್ನೂ ಸುಧಾರಿಸುವುದು ಅವರ ಯೋಜನೆ.

ನೇಕಾರರು ಒಪ್ಪಲಿಲ್ಲ. ಲಾಳಿಯ ಮೇಲೆ ಅವರಿಗೆ ಹಗೆಯೇನೂ ಇರಲಿಲ್ಲ. ಗಂಟೆ ಹೊಡೆದೊಡನೆ ಬಂದು ಕೂರುವ ಬಾಳು ಅವರಿಗೆ ಬೇಡವಾಗಿತ್ತು. ನೇಯ್ಗೆಯೆಂದರೆ ಮನೆಮಂದಿಯ ಕಸುಬು. ಹೆಂಗಸರು ನೂಲು ಸುತ್ತುತ್ತಾರೆ, ಮಕ್ಕಳು ಕೈಗೂಡಿಸುತ್ತಾರೆ, ಗಂಡಸು ಮಗ್ಗದಲ್ಲಿ ಕೂರುತ್ತಾನೆ. ಅವನೊಬ್ಬನನ್ನೇ ಎಬ್ಬಿಸಿ ಕಾರ್ಖಾನೆಗೆ ಒಯ್ದರೆ ಮನೆಯ ಉಳಿದವರ ದುಡಿಮೆಗೆ ಬೆಲೆಯೆಲ್ಲಿ? ಪ್ರೊಫೆಸರರ ಲೆಕ್ಕದಲ್ಲಿ ಗಜಗಳಿದ್ದವು, ಈ ಹೆಂಗಸರು ಮಕ್ಕಳು ಇರಲಿಲ್ಲ ಎಂದು ನಮಗೆ ತೋರುತ್ತದೆ. ಯಂತ್ರ ಬಲ್ಲವರು ಕಸುಬುದಾರನಿಗೆ ಕಲಿಸಲು ಬಂದರು; ಕಸುಬುದಾರನಿಂದ ಕಲಿಯುವುದು ಎಷ್ಟಿದೆಯೆಂದು ಮೊದಲು ಕೇಳಿಕೊಂಡಿದ್ದರೆ ಸೇಲಂನ ಕತೆ ಬೇರೆಯಾಗುತ್ತಿತ್ತೋ ಏನೋ.

ಪೆಟ್ಟು ಇನ್ನೊಂದು ಕಡೆಯಿಂದಲೂ ಬಂತು. ಸರಕಾರ ಕಾರ್ಖಾನೆ ನಡೆಸುವುದು ಮದರಾಸಿನ ಐರೋಪ್ಯ ವರ್ತಕರಿಗೆ ಸಹಿಸಲಿಲ್ಲ. ದೂರು ಲಂಡನ್ನಿಗೆ ಮುಟ್ಟಿತು. ಭಾರತ ಮಂತ್ರಿ ಲಾರ್ಡ್ ಮಾರ್ಲೆಯವರು 1910ರಲ್ಲಿ, ಸರಕಾರ ಕೈಗಾರಿಕಾ ಶಿಕ್ಷಣ ಕೊಡಬಹುದೇ ಹೊರತು ವ್ಯಾಪಾರಕ್ಕೆ ಇಳಿಯಕೂಡದೆಂದು ಅಪ್ಪಣೆ ಮಾಡಿದರು. ಸೇಲಂನ ಕಾರ್ಖಾನೆ ಮುಚ್ಚಿತು. ಉದಾರವಾದಿಯೆಂದು ಹೆಸರಾದ ಮಾರ್ಲೆಯವರ ಕೈಯಿಂದಲೇ ಈ ಅಪ್ಪಣೆ ಹೊರಟದ್ದು ವಿಚಿತ್ರ. ಆ ಅಪ್ಪಣೆಯ ಲಾಭ ನೇಕಾರರಿಗಂತೂ ಆಗಲಿಲ್ಲ.

1912ರಲ್ಲಿ ಚಾಟರ್ಟನ್‌ರ ಸೇವೆಯನ್ನು ಮೈಸೂರು ಸಂಸ್ಥಾನ ಎರವಲು ಪಡೆಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದರು. ಮಾರ್ಲೆಯವರ ಅಪ್ಪಣೆ ಬ್ರಿಟಿಷ್ ಪ್ರಾಂತಕ್ಕೆ. ದೇಶೀ ಸಂಸ್ಥಾನದಲ್ಲಿ ಕೈ ಬಿಚ್ಚಿ ಕೆಲಸ ಮಾಡಲು ಎಡೆಯಿತ್ತು. ಚಾಟರ್ಟನ್‌ರು ಅಲ್ಲಿನ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು.

ಆಗ ಮೈಸೂರಿನ ಗಂಧದ ಕೊರಡು ಹರಾಜಾಗಿ ಹೊರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ವಿದ್ಯೆ ಅವರದು, ಮರ ನಮ್ಮದು. 1914ರಲ್ಲಿ ಮಹಾಯುದ್ಧ ಹತ್ತಿಕೊಂಡು ಜರ್ಮನಿಯ ಬಾಗಿಲು ಮುಚ್ಚಿತು. ಗಂಧದ ಹುಟ್ಟುವಳಿಯನ್ನೇ ನೆಚ್ಚಿದ್ದ ಖಜಾನೆಗೆ ಚಿಂತೆ ಹಿಡಿಯಿತು. ಚಾಟರ್ಟನ್‌ರು ಈ ಸಲ ಕಾರ್ಖಾನೆ ಕಟ್ಟುವ ಮೊದಲು, ಆಗಷ್ಟೇ ನೆಲೆಯೂರುತ್ತಿದ್ದ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದ ಬಾಗಿಲು ತಟ್ಟಿದರು. ಅಲ್ಲಿನ ಪ್ರೊಫೆಸರರಾದ ಸಡ್‌ಬರೊ ಮತ್ತು ವಾಟ್ಸನ್ ಅವರು ಗಂಧದ ಚೂರುಗಳನ್ನು ಹಬೆಯಲ್ಲಿ ಬಟ್ಟಿ ಇಳಿಸುವ ಪ್ರಯೋಗ ನಡೆಸಿದರು. ಕೊರಡಿನ ಯಾವ ಭಾಗದಲ್ಲಿ ಎಣ್ಣೆ ಎಷ್ಟು, ಹಬೆ ಎಷ್ಟು ಹೊತ್ತು ಬೇಕು, ಹೊರದೇಶದ ಔಷಧಿ ವ್ಯಾಪಾರಿ ಒಪ್ಪುವ ಶುದ್ಧತೆ ಹೇಗೆ ಬರಬೇಕು, ಇವೆಲ್ಲ ಪ್ರಯೋಗಶಾಲೆಯ ಪ್ರಶ್ನೆಗಳೂ ಹೌದು, ಖಜಾನೆಯ ಪ್ರಶ್ನೆಗಳೂ ಹೌದು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ನಡೆಯತೊಡಗಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಅದರ ಬೆನ್ನಿಗೇ ಸಾಬೂನು ಬಂತು. ಅದರ ಕೀರ್ತಿ ವಿದೇಶದಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಯವರಿಗೆ ಸಲ್ಲಬೇಕು. ನಮ್ಮ ಅಜ್ಜಂದಿರು ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಡುತ್ತಿದ್ದ ಸಾಬೂನು ಅದು.

ಸೇಲಂ, ಧರ್ಮಪುರಿಯ ಬೆಟ್ಟಗಳಲ್ಲೂ ಗಂಧ ಬೆಳೆಯುತ್ತದೆ, ಚಿತ್ತೇರಿಯಲ್ಲಿ. ಮದರಾಸಿನಲ್ಲಿ ಕೈ ಕಟ್ಟದೆ ಇದ್ದಿದ್ದರೆ ಮೊದಲ ಹಬೆ ಅಲ್ಲೇ ಏಳುತ್ತಿತ್ತೋ ಎಂಬ ಯೋಚನೆ ನಮ್ಮನ್ನು ಬಿಡುವುದಿಲ್ಲ.

ಮದರಾಸು ಸರಕಾರವೂ 1914ರಲ್ಲಿ ತನ್ನ ಕೈಗಾರಿಕಾ ಇಲಾಖೆಯನ್ನು ಮತ್ತೆ ತೆರೆಯಿತು. 1916ರಲ್ಲಿ ನೇಮಕವಾದ ಭಾರತ ಕೈಗಾರಿಕಾ ಆಯೋಗದಲ್ಲಿ ಮದನಮೋಹನ ಮಾಳವೀಯ, ದೊರಾಬ್ಜಿ ಟಾಟಾ ಮೊದಲಾದವರೊಡನೆ ಚಾಟರ್ಟನ್‌ರೂ ಕುಳಿತರು. ಪ್ರತಿ ಪ್ರಾಂತಕ್ಕೂ ಕೈಗಾರಿಕಾ ಇಲಾಖೆ ಬೇಕೆಂದು ಆಯೋಗ 1918ರಲ್ಲಿ ಶಿಫಾರಸು ಮಾಡಿತು. ಎಂಟು ವರ್ಷ ಹಿಂದೆ ಲಂಡನ್ನು ಬೇಡವೆಂದದ್ದು ಅದನ್ನೇ. 1919ರಲ್ಲಿ ಚಾಟರ್ಟನ್‌ರಿಗೆ ಸರ್ ಪದವಿ ಬಂತು. 1958ರಲ್ಲಿ ಅವರು ತೀರಿಕೊಂಡರು. ಹಾರುಲಾಳಿ ಅಷ್ಟರಲ್ಲಿ ಸೇಲಂನ ನೇಕಾರರ ಮನೆಗಳನ್ನೂ ಹೊಕ್ಕಿತ್ತು, ಕಾರ್ಖಾನೆಯ ಗಂಟೆಯಿಲ್ಲದೆ.