ರೋಹಿಣಿ ನದಿಯ ಎರಡು ದಡ



ಧಮ್ಮ ಬಂಧುಗಳೇ, ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ.

ಬುದ್ಧರು ಮನೆ ಬಿಟ್ಟಿದ್ದು ಯಾಕೆ ಎಂದು ಕೇಳಿದರೆ ಶಾಲೆಗೆ ಹೋದವರೆಲ್ಲ ಒಂದೇ ಉತ್ತರ ಕೊಡುತ್ತೇವೆ. ಒಬ್ಬ ಮುದುಕ, ಒಬ್ಬ ರೋಗಿ, ಒಂದು ಹೆಣ, ಒಬ್ಬ ಸನ್ಯಾಸಿ. 29 ವರ್ಷ ಊರಿನ ನಡುವೆ ಬದುಕಿದ ಮನುಷ್ಯ ಅಲ್ಲಿಯವರೆಗೆ ಒಬ್ಬ ಮುದುಕನನ್ನೂ ನೋಡಿರಲಿಲ್ಲ ಎಂದರೆ ನಂಬುವುದು ಹೇಗೆ ಎಂದು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದ ಆರಂಭದಲ್ಲೇ ಕೇಳಿದರು. ಅವರು ಕೊಟ್ಟ ಉತ್ತರ ಬೇರೆ. ಗಡಿಯ ಒಂದು ನೀರಿನ ಜಗಳ. ಅದನ್ನೇ ಹಿಡಿದುಕೊಂಡು ಇವತ್ತು ಬುದ್ಧರ ಜೀವನವನ್ನು ಇನ್ನೊಮ್ಮೆ ನೋಡೋಣ ಅನ್ನಿಸಿತು.

ಶಾಕ್ಯರು ಒಂದು ಕಡೆ, ಕೋಲಿಯರು ಇನ್ನೊಂದು ಕಡೆ, ನಡುವೆ ರೋಹಿಣಿ ನದಿ. ಎರಡೂ ಕಡೆಯವರಿಗೆ ಅದೇ ನೀರು. ಶಾಕ್ಯರದು ಗಣರಾಜ್ಯ, ಮೇಲೆ ಕೋಸಲದ ರಾಜನ ಹಿಡಿತ. ಎರಡು ಕುಲಗಳ ನಡುವೆ ಹೆಣ್ಣು ಕೊಟ್ಟು ತರುವ ಸಂಬಂಧ ಇತ್ತು. ಸಿದ್ಧಾರ್ಥನ ತಾಯಿ ಮಹಾಮಾಯೆ ಕೋಲಿಯರ ಮಗಳು, ತವರು ದೇವದಹ. ಅಂದರೆ ನದಿಯ ಆ ಕಡೆ ಇದ್ದವರು ಅವನಿಗೆ ಸೋದರಮಾವಂದಿರು. ಬಾಬಾಸಾಹೇಬರು ಹಿಡಿದ ಲೆಕ್ಕದಂತೆ ಅವನು ಹುಟ್ಟಿದ್ದು ಕ್ರಿ.ಪೂ. 563ರಲ್ಲಿ. 20 ತುಂಬಿದಾಗ ಶಾಕ್ಯ ಸಂಘದ ಸದಸ್ಯನಾದ. ಸಂಘ ಎಂದರೆ ಇಲ್ಲಿ ಭಿಕ್ಷುಗಳ ಸಂಘವಲ್ಲ, ಊರಿನ ಆಡಳಿತ ಸಭೆ. ಅಲ್ಲಿ ಮಾತು ನಡೆಯುತ್ತಿತ್ತು, ಠರಾವು ಮಂಡಿಸುತ್ತಿದ್ದರು, ಮತ ಹಾಕುತ್ತಿದ್ದರು.

ನೀರು ಯಾರಿಗೆ ಮೊದಲು, ಎಷ್ಟು ಎಂಬ ತಕರಾರು ಪ್ರತಿ ಬೆಳೆಗೂ ಇದ್ದದ್ದೇ. ಅವನಿಗೆ 28 ವರ್ಷವಾದಾಗ ಅದು ಕೈಮೀರಿತು. ಎರಡೂ ಕಡೆಯ ಆಳುಗಳು ಹೊಡೆದಾಡಿದರು, ಎರಡೂ ಕಡೆ ಗಾಯವಾಯಿತು. ಶಾಕ್ಯರ ಸೇನಾಪತಿ ಸಭೆ ಕರೆದು ಯುದ್ಧ ಸಾರುವ ಠರಾವು ತಂದ. ಸಿದ್ಧಾರ್ಥ ಎದ್ದು ನಿಂತು, ಮೊದಲು ಕೈ ಎತ್ತಿದವರು ಯಾರು ಎಂದು ವಿಚಾರಿಸೋಣ, ನಮ್ಮವರದೂ ತಪ್ಪಿದೆ ಎಂದು ಕೇಳಿದ್ದೇನೆ ಎಂದ. ಸೇನಾಪತಿ ಅದನ್ನು ಅಲ್ಲಗಳೆಯಲಿಲ್ಲ. ನಮ್ಮವರೇ ಮೊದಲು ಹೊಡೆದರು ನಿಜ, ಆದರೆ ಪಾಳಿ ನಮ್ಮದಾಗಿತ್ತು ಎಂದ. ಈ ಒಂದು ಮಾತಿನಲ್ಲಿ ಜಗತ್ತಿನ ಗಡಿ ಜಗಳಗಳೆಲ್ಲ ಇವೆ ಎಂದು ನನಗೆ ಅನ್ನಿಸುತ್ತದೆ.

ಆಗ ಸಿದ್ಧಾರ್ಥ ತಂದ ತಿದ್ದುಪಡಿ ಏನು ನೋಡಿ. ನಾವು ಇಬ್ಬರನ್ನು ಆರಿಸೋಣ, ಅವರು ಇಬ್ಬರನ್ನು ಆರಿಸಲಿ, ಆ ನಾಲ್ವರು ಸೇರಿ ಐದನೆಯವನನ್ನು ಆರಿಸಲಿ, ಐವರು ಕೂತು ತೀರ್ಮಾನ ಕೊಡಲಿ. ಅದರಲ್ಲಿ ರಾಜನಿಲ್ಲ, ದೇವರಿಲ್ಲ, ಕೋಸಲದ ದೊರೆಯ ಬಳಿ ದೂರು ಒಯ್ಯುವ ಮಾತೂ ಇಲ್ಲ. ನೀರು ಬಳಸುವವರೇ ಕೂತು ಮಾತಾಡಿ ಮುಗಿಸುವ ದಾರಿ. ತಿದ್ದುಪಡಿಗೆ ಬೆಂಬಲ ನೀಡುವವರೂ ಸಿಕ್ಕರು. ಆದರೂ ಮತಕ್ಕೆ ಹಾಕಿದಾಗ ಅದು ಭಾರೀ ಅಂತರದಿಂದ ಬಿದ್ದುಹೋಯಿತು.

ಮಾರನೆಯ ದಿನ 20ರಿಂದ 50 ವರ್ಷದ ಎಲ್ಲ ಶಾಕ್ಯ ಗಂಡಸರು ಸೈನ್ಯ ಸೇರಬೇಕು ಎಂಬ ಠರಾವು ಬಂತು. ಹಿಂದಿನ ದಿನ ಅವನ ಪರ ಕೈ ಎತ್ತಿದವರೆಲ್ಲ ಸುಮ್ಮನೆ ಕೂತರು. ಅವನೊಬ್ಬನೇ ಎದ್ದು ನಾನು ಸೇರುವುದಿಲ್ಲ ಎಂದ. ಗಲ್ಲಿಗೆ ಹಾಕಲು, ಗಡೀಪಾರು ಮಾಡಲು ಕೋಸಲದ ರಾಜನ ಒಪ್ಪಿಗೆ ಬೇಕು. ಸಂಘಕ್ಕೆ ಬೇರೆ ಅಸ್ತ್ರವಿತ್ತು. ಅವನ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ ಹಾಕುವುದು, ಜಮೀನು ಮುಟ್ಟುಗೋಲು ಹಾಕಿಕೊಳ್ಳುವುದು.

ಬಹಿಷ್ಕಾರ ಎಂದರೇನು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಿಟ್ಟಿನ ಗಿರಣಿಯಲ್ಲಿ ಬೀಸಿಕೊಡುವುದಿಲ್ಲ, ಅಂಗಡಿಯಲ್ಲಿ ಉಪ್ಪು ಬೆಂಕಿಪೊಟ್ಟಣ ಸಿಗುವುದಿಲ್ಲ, ಕೂಲಿಗೆ ಕರೆಯುವುದಿಲ್ಲ, ಮಾತಾಡಿಸಿದವರಿಗೆ ದಂಡ. ಶಿಕ್ಷೆ ಬೀಳುವುದು ಎದ್ದು ನಿಂತವನಿಗಲ್ಲ, ಮನೆಯಲ್ಲಿರುವ ಅವ್ವನಿಗೆ, ಮಕ್ಕಳಿಗೆ. ಬಾಬಾಸಾಹೇಬರು ಈ ಭಾಗ ಬರೆಯುವಾಗ ಅವರ ಕಣ್ಣ ಮುಂದೆ ಕಪಿಲವಸ್ತು ಮಾತ್ರ ಇತ್ತು ಎಂದು ನನಗೆ ಅನ್ನಿಸುವುದಿಲ್ಲ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಹೊಡೆತ ತಿಂದ ಜನರನ್ನು ನೋಡಿದ್ದ ಕಣ್ಣು ಅದು.

ಮನೆಯವರನ್ನು ಬಿಟ್ಟುಬಿಡಿ, ಶಿಕ್ಷೆ ನನಗೆ ಕೊಡಿ ಎಂದು ಸಿದ್ಧಾರ್ಥ ಕೇಳಿಕೊಂಡ. ಕೊನೆಗೆ ಅವನೇ ದಾರಿ ಸೂಚಿಸಿದ, ಪರಿವ್ರಾಜಕನಾಗಿ ದೇಶ ಬಿಟ್ಟು ಹೋಗುತ್ತೇನೆ ಎಂದು. ಹಾಗೆ ಹೊರಟಿದ್ದು. ರಾತ್ರೋರಾತ್ರಿ ಮಲಗಿದ್ದ ಹೆಂಡತಿಯನ್ನು ಬಿಟ್ಟು ಕಳ್ಳನ ಹಾಗೆ ಹೋದದ್ದಲ್ಲ. ಯಶೋಧರೆಗೆ ಹೇಳಿ, ಅವಳು ಎದೆ ಗಟ್ಟಿ ಮಾಡಿಕೊಂಡು ಒಪ್ಪಿದ ಮೇಲೆ ಹೋದದ್ದು.

ನಾವು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಬೋಧಿವೃಕ್ಷಕ್ಕೆ ಹಾರಿಬಿಡುತ್ತೇವೆ. ನಡುವೆ ಇನ್ನೊಂದು ಪ್ರಸಂಗವಿದೆ, ನನಗೆ ಅದೇ ಮುಖ್ಯ. ರಾಜಗೃಹದಲ್ಲಿದ್ದಾಗ ಐವರು ಪರಿವ್ರಾಜಕರು ಊರಿನ ಸುದ್ದಿ ತಂದರು. ಅವನು ಹೊರಟ ಮೇಲೆ ಶಾಕ್ಯರ ಗಂಡಸರು, ಹೆಂಗಸರು, ಮಕ್ಕಳು ಬೀದಿಗಿಳಿದಿದ್ದರು. ಕೋಲಿಯರು ನಮ್ಮ ಅಣ್ಣತಮ್ಮಂದಿರು, ಅವರ ಮೇಲೆ ಯುದ್ಧ ಬೇಡ ಎಂದು ಮೆರವಣಿಗೆ ಮಾಡಿದ್ದರು. ಸಂಘ ಮತ್ತೆ ಸಭೆ ಸೇರಬೇಕಾಯಿತು. ಈ ಸಲ ಬಹುಮತ ಸಂಧಾನದ ಕಡೆ ಬಂತು. ಶಾಕ್ಯರು ಐವರನ್ನು ಕಳಿಸಿದರು, ಕೋಲಿಯರೂ ಐವರನ್ನು ಕಳಿಸಿದರು. ರೋಹಿಣಿ ನೀರಿನ ಪ್ರತಿಯೊಂದು ತಕರಾರನ್ನೂ ತೀರಿಸಲು ಎರಡೂ ಕಡೆಯವರು ಸೇರಿ ಒಂದು ಕಾಯಂ ಪಂಚಾಯಿತಿ ಮಾಡಿಕೊಂಡರು, ಅದರ ಮಾತಿಗೆ ತಲೆಬಾಗುವುದಾಗಿ ಒಪ್ಪಿದರು.

ಈ ಶಾಂತಿ ಆದದ್ದು ಅವನಿಲ್ಲದಾಗ. ಆಗ ಅವನಿನ್ನೂ ಬುದ್ಧನಾಗಿರಲಿಲ್ಲ. ಗದ್ದೆ ಉಳುವವರು, ನೀರು ಹೊರುವ ಹೆಂಗಸರು ಮಾಡಿದ ಶಾಂತಿ. ಅವನು ಸಭೆಯಲ್ಲಿ ಸೋತ ಠರಾವು ಬೀದಿಯಲ್ಲಿ ಗೆದ್ದಿತ್ತು. ಬೇಕಿದ್ದರೆ ಅವನು ವಾಪಸ್ಸು ಹೋಗಬಹುದಿತ್ತು. ಹೋಗಲಿಲ್ಲ. ದೇಶ ದೇಶಗಳ ಜಗಳ ಅಪರೂಪಕ್ಕೆ ಬರುತ್ತದೆ, ವರ್ಗ ವರ್ಗಗಳ ಜಗಳ ದಿನವೂ ಇರುತ್ತದೆ, ಅದರ ಬೇರು ಹುಡುಕಬೇಕು ಎಂದು ಮುಂದೆ ನಡೆದ ಎನ್ನುತ್ತಾರೆ ಬಾಬಾಸಾಹೇಬರು.

ಪಾಲಿ ಅಟ್ಠಕಥೆಯಲ್ಲಿ ಇದೇ ರೋಹಿಣಿ ಇನ್ನೊಮ್ಮೆ ಬರುತ್ತದೆ, ಅಲ್ಲಿ ಅವರು ಆಗಲೇ ಬುದ್ಧರು. ಎರಡು ಊರಿನವರೂ ಸೇರಿ ನದಿಗೆ ಒಂದು ಕಟ್ಟೆ ಕಟ್ಟಿದ್ದರು. ಬೇಸಿಗೆ ಕೊನೆ, ಜ್ಯೇಷ್ಠ ಮಾಸ, ಪೈರು ಬಾಡುತ್ತಿತ್ತು. ಇರುವ ನೀರನ್ನು ಹಂಚಿದರೆ ಯಾರಿಗೂ ಸಾಲದು, ನಮಗೆ ಒಂದೇ ಒಂದು ನೀರು ಸಾಕು, ಕೊಟ್ಟುಬಿಡಿ ಎಂದರು ಕೋಲಿಯರ ಆಳುಗಳು. ಹಾಗಾದರೆ ನಿಮ್ಮ ಕಣಜ ತುಂಬಿದ ಮೇಲೆ ನಾವು ಬುಟ್ಟಿ ಹಿಡಿದು ನಿಮ್ಮ ಬಾಗಿಲಿಗೆ ಬರಬೇಕಾ ಎಂದರು ಶಾಕ್ಯರ ಆಳುಗಳು. ಅಲ್ಲಿಂದ ಮಾತು ಕುಲದ ಮೇಲೆ ಹೋಯಿತು. ನಿಮ್ಮ ಹಿರಿಯರು ಅಕ್ಕತಂಗಿಯರನ್ನೇ ಕಟ್ಟಿಕೊಂಡವರು ಎಂದು ಇವರಿಗೆ ಅವರು, ನಿಮ್ಮ ಹಿರಿಯರು ಮರದ ಪೊಟರೆಯಲ್ಲಿದ್ದ ಕುಷ್ಠರೋಗಿಗಳು ಎಂದು ಅವರಿಗೆ ಇವರು. ಆಳುಗಳಿಂದ ಅಧಿಕಾರಿಗಳಿಗೆ, ಅವರಿಂದ ಅರಮನೆಗೆ ಸುದ್ದಿ ಹತ್ತಿತು. ಕತ್ತಿಗಳು ಹೊರಬಂದವು.

ಬುದ್ಧರು ನಡುವೆ ಬಂದು ಜಗಳ ಯಾವುದಕ್ಕೆ ಎಂದು ಕೇಳಿದರು. ರಾಜರಿಗೆ ಗೊತ್ತಿರಲಿಲ್ಲ. ಸೇನಾಪತಿಗೆ ಗೊತ್ತಿರಬಹುದು ಎಂದರು, ಅವನಿಗೂ ಗೊತ್ತಿರಲಿಲ್ಲ. ಒಬ್ಬರನ್ನೊಬ್ಬರು ಕೇಳುತ್ತಾ ಕೇಳುತ್ತಾ ಕೊನೆಗೆ ಗದ್ದೆಯ ಆಳುಗಳನ್ನು ಕೇಳಿದಾಗ ನೀರಿಗೆ ಎಂದು ಗೊತ್ತಾಯಿತು. ಸಾಯಲು ಸಾಲುಗಟ್ಟಿ ನಿಂತವರಿಗೆ ಕಾರಣ ಗೊತ್ತಿಲ್ಲ, ಕಾರಣ ಗೊತ್ತಿದ್ದವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನೀರಿನ ಬೆಲೆ ಎಷ್ಟು, ಮನುಷ್ಯರ ಬೆಲೆ ಎಷ್ಟು ಎಂದು ಬುದ್ಧರು ಕೇಳಿದ ಮೇಲೆ ಕತ್ತಿಗಳು ಕೆಳಗಿಳಿದವು.

ಇಲ್ಲಿ ನನ್ನ ತಾತನ ನೆನಪು ಬರುತ್ತದೆ. ಅವರು ನಮ್ಮೂರ ಕೆರೆಯ ನೀರುಗಂಟಿ. ಹಳೆ ಮೈಸೂರು ಕಡೆಯ ಬಹಳಷ್ಟು ಊರುಗಳಲ್ಲಿ ಈ ಕೆಲಸ ನಮ್ಮವರದೇ ಆಗಿತ್ತು. ತೂಬು ಎತ್ತುವುದು, ಇಳಿಸುವುದು, ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಮುಟ್ಟುವಂತೆ ಪಾಳಿ ನಡೆಸುವುದು. ಜಮೀನ್ದಾರನೂ ತನ್ನ ಕೈಯಾರೆ ಮಡವೆ ಒಡೆದುಕೊಳ್ಳುವ ಹಾಗಿರಲಿಲ್ಲ. ಸುಗ್ಗಿಯಲ್ಲಿ ಪ್ರತಿ ಕಣದಿಂದ ಇಷ್ಟು ಭತ್ತ ಎಂದು ಕೂಲಿ. ತಾತನಿಗೆ ಯಾರ ಮನೆಯ ಹೊಸ್ತಿಲೂ ದಾಟುವ ಹಕ್ಕಿರಲಿಲ್ಲ. ನೀರಿನ ವಿಷಯದಲ್ಲಿ ಮಾತ್ರ ಅವರ ಮಾತೇ ಕೊನೆ, ಯಾಕೆಂದರೆ ಅವರಿಗೆ ಸ್ವಂತ ಗದ್ದೆ ಇರಲಿಲ್ಲ, ಹಾಗಾಗಿ ಯಾರ ಪಕ್ಷವೂ ಇರಲಿಲ್ಲ ಎಂದು ಊರು ನಂಬಿತ್ತು. ಗದ್ದೆ ಇಲ್ಲದಂತೆ ಮಾಡಿದ್ದೂ ಅದೇ ಊರು. ಇದನ್ನು ಹೊಗಳಿ ಹೇಳುತ್ತಿಲ್ಲ. ನೀರಿನ ಲೆಕ್ಕ ಗೊತ್ತಿದ್ದವರು ಯಾರು ಎಂಬುದನ್ನು ಹೇಳುತ್ತಿದ್ದೇನೆ.

ಇನ್ನೊಂದು ಗಡಿ. ಇದು ಗೆದ್ದ ಕಥೆಯಲ್ಲ. ಕೋಸಲದ ಪಸೇನದಿ ರಾಜ ಶಾಕ್ಯರ ಹೆಣ್ಣು ಕೇಳಿದ. ಶಾಕ್ಯರಿಗೆ ಕೊಡಲು ಕುಲದ ಹೆಮ್ಮೆ ಬಿಡಲಿಲ್ಲ, ಬೇಡ ಎನ್ನಲು ಧೈರ್ಯ ಬರಲಿಲ್ಲ. ದಾಸಿಯಲ್ಲಿ ಹುಟ್ಟಿದ ಮಹಾನಾಮನ ಮಗಳು ವಾಸಭಖತ್ತಿಯಾಳನ್ನು ಶುದ್ಧ ಶಾಕ್ಯ ಕನ್ಯೆ ಎಂದು ಹೇಳಿ ಕಳಿಸಿದರು. ಅವಳ ಮಗ ವಿಡೂಡಭ 16ನೆಯ ವಯಸ್ಸಿಗೆ ಅಜ್ಜನ ಮನೆ ನೋಡಲು ಆಸೆಯಿಂದ ಕಪಿಲವಸ್ತುವಿಗೆ ಬಂದ. ಅವನು ಹೋದ ಮೇಲೆ ಅವನು ಕೂತಿದ್ದ ಹಲಗೆಯನ್ನು ಹಾಲು ಬೆರೆಸಿದ ನೀರಿನಿಂದ ತೊಳೆಸಿದರು. ಮರೆತ ಆಯುಧ ತರಲು ತಿರುಗಿ ಬಂದ ಅವನ ಸೈನಿಕನೊಬ್ಬನ ಕಿವಿಗೆ ಅದು ಬಿತ್ತು. ಅದೇ ಹಲಗೆಯನ್ನು ಇವರ ರಕ್ತದಿಂದ ತೊಳೆಯುತ್ತೇನೆ ಎಂದು ಆ ಹುಡುಗ ಪಣ ತೊಟ್ಟ.

ಪಟ್ಟಕ್ಕೆ ಬಂದ ಮೇಲೆ ಅವನು ದಂಡು ಕಟ್ಟಿಕೊಂಡು ಹೊರಟ. ಬುದ್ಧರಿಗೆ ಆಗ ವಯಸ್ಸಾಗಿತ್ತು. ಗಡಿಯ ಹತ್ತಿರ ಶಾಕ್ಯರ ಕಡೆ ಎಲೆ ಇಲ್ಲದ ಒಂದು ಮರದ ಕೆಳಗೆ ಬಿಸಿಲಿನಲ್ಲಿ ಕೂತರು. ಪಕ್ಕದಲ್ಲೇ, ಕೋಸಲದ ನೆಲದಲ್ಲಿ ದಟ್ಟ ನೆರಳಿನ ಆಲದ ಮರ ಇತ್ತು. ಈ ಕಡೆ ಬನ್ನಿ, ನೆರಳಿದೆ ಎಂದ ವಿಡೂಡಭ. ನನ್ನ ಬಂಧುಗಳ ನೆರಳೇ ತಂಪು ಎಂದರು ಅವರು. ಅವನು ಹಿಂದಿರುಗಿದ. ಹೀಗೆ ಮೂರು ಸಲ. ನಾಲ್ಕನೆಯ ಸಲ ಅವರು ಅಲ್ಲಿ ಇರಲಿಲ್ಲ. ಶಾಕ್ಯರ ಹತ್ಯೆ ನಡೆಯಿತು.

ಶಾಕ್ಯರು ಹಿಂದಿನ ಜನ್ಮದಲ್ಲಿ ನದಿಗೆ ವಿಷ ಹಾಕಿದ್ದರು, ಅದರ ಫಲ ಎಂದು ಅಟ್ಠಕಥೆ ಇದಕ್ಕೆ ಕಾರಣ ಹೇಳುತ್ತದೆ. ಈ ಕಾರಣವನ್ನು ನಾನು ಪಕ್ಕಕ್ಕಿಡುತ್ತೇನೆ. ಬಾಬಾಸಾಹೇಬರು ಇಂಥ ಕರ್ಮಸಿದ್ಧಾಂತವನ್ನು ಒಪ್ಪಲಿಲ್ಲ, ನಾವೂ ಒಪ್ಪಬೇಕಾಗಿಲ್ಲ. ಕಾರಣ ಈ ಜನ್ಮದಲ್ಲೇ, ಆ ತೊಳೆದ ಹಲಗೆಯಲ್ಲೇ ಇದೆ. ನಾವು ಕೂತೆದ್ದ ಜಾಗಕ್ಕೆ ಗಂಜಲ ಚಿಮುಕಿಸಿದ್ದನ್ನು ನೋಡಿ ಬೆಳೆದವರಿಗೆ ಹಿಂದಿನ ಜನ್ಮದ ವಿಷ ಹುಡುಕುವ ಅಗತ್ಯ ಬೀಳುವುದಿಲ್ಲ. ಹಾಗೆಂದು ವಿಡೂಡಭ ಮಾಡಿದ್ದು ಸರಿ ಎನ್ನಲೂ ನನ್ನಿಂದ ಆಗುವುದಿಲ್ಲ. ಸತ್ತವರಲ್ಲಿ ಎದೆಹಾಲು ಕುಡಿಯುವ ಕೂಸುಗಳೂ ಇದ್ದವು. ಒಬ್ಬ ಮನುಷ್ಯ ಎಷ್ಟೇ ದೊಡ್ಡವನಾಗಲಿ, ಗಡಿಯಲ್ಲಿ ಕೂತು ಮೂರು ಸಲ ತಡೆಯಬಹುದು. ಊರಿನವರು ತಾವೇ ಎದ್ದು ವಿಡೂಡಭನ ಬಳಿ ಹೋಗಿ ಕ್ಷಮೆ ಕೇಳಿದ್ದರೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ರೋಹಿಣಿಯ ನೀರಿಗಾಗಿ ಬೀದಿಗಿಳಿದ ಶಾಕ್ಯರು ಹಲಗೆ ತೊಳೆದ ದಿನ ಯಾಕೆ ಇಳಿಯಲಿಲ್ಲ?

ಕೊನೆಯ ದಿನಗಳಲ್ಲೂ ಗಡಿ ಅವರನ್ನು ಬಿಡಲಿಲ್ಲ. ವಜ್ಜಿಗಳ ಮೇಲೆ ದಂಡೆತ್ತುವ ಯೋಚನೆಯಲ್ಲಿದ್ದ ಮಗಧದ ಅಜಾತಶತ್ರು ತನ್ನ ಮಂತ್ರಿ ವಸ್ಸಕಾರನನ್ನು ಅವರ ಬಳಿ ಕಳಿಸಿದ. ಬುದ್ಧರು ಅವನಿಗೆ ನೇರ ಉತ್ತರ ಕೊಡದೆ ಆನಂದನನ್ನು ಕೇಳಿದರು. ವಜ್ಜಿಗಳು ಆಗಾಗ ಸಭೆ ಸೇರುತ್ತಾರೆಯೇ, ಒಟ್ಟಾಗಿ ಕೂತು ಒಟ್ಟಾಗಿ ಏಳುತ್ತಾರೆಯೇ ಎಂದು. ಅದು ಇರುವವರೆಗೆ ಅವರಿಗೆ ಸೋಲಿಲ್ಲ ಎಂದರು. ಮಂತ್ರಿ ಕಿವಿಗೊಟ್ಟು ಕೇಳಿಕೊಂಡು ಹೋದ. ಆಮೇಲೆ ವೈಶಾಲಿಗೆ ಹೋಗಿ ನೆಲೆಸಿ, ಮೂರು ವರ್ಷ ಒಬ್ಬರ ಕಿವಿಯಲ್ಲಿ ಇನ್ನೊಬ್ಬರ ಮೇಲೆ ಹೇಳುತ್ತಾ ಆ ಸಭೆಯನ್ನು ಒಡೆದ ಎಂದು ಅಟ್ಠಕಥೆ ಹೇಳುತ್ತದೆ.

80ನೆಯ ವಯಸ್ಸಿನಲ್ಲಿ ಕುಸಿನಾರದಲ್ಲಿ ಮಹಾಪರಿನಿಬ್ಬಾಣ. ಅಸ್ಥಿಗಾಗಿ ಏಳು ಕಡೆಯಿಂದ ಬೇಡಿಕೆ ಬಂತು. ಮಲ್ಲರು ನಮ್ಮ ನೆಲದಲ್ಲಿ ತೀರಿಕೊಂಡರು, ನಾವು ಕೊಡುವುದಿಲ್ಲ ಎಂದರು. ಶಾಂತಿ ಹೇಳಿದವರ ಬೂದಿಯ ಮೇಲೇ ಯುದ್ಧ ಆಗುವುದರಲ್ಲಿತ್ತು. ದೋಣ ಎಂಬ ಬ್ರಾಹ್ಮಣ ಎದ್ದು ಎಂಟು ಸಮ ಪಾಲು ಮಾಡಿದ, ಅಳೆದ ಪಾತ್ರೆಯೊಂದನ್ನು ಮಾತ್ರ ತಾನು ಇಟ್ಟುಕೊಂಡ. ಪಾಲು ಪಡೆದವರ ಪಟ್ಟಿಯಲ್ಲಿ ಕಪಿಲವಸ್ತುವಿನ ಶಾಕ್ಯರಿದ್ದಾರೆ, ರಾಮಗ್ರಾಮದ ಕೋಲಿಯರೂ ಇದ್ದಾರೆ.

ಕೋಲಿಯರು ತಮ್ಮ ಪಾಲಿನ ಮೇಲೆ ಕಟ್ಟಿದ ಸ್ತೂಪ ಇಂದಿನ ನೇಪಾಳದ ಪರಾಸಿ ಹತ್ತಿರ ಹುಲ್ಲು ಬೆಳೆದ ದಿಬ್ಬವಾಗಿ ನಿಂತಿದೆ. ಅಶೋಕ ಉಳಿದ ಸ್ತೂಪಗಳನ್ನು ತೆರೆಸಿದಾಗ ಇದೊಂದನ್ನು ಮುಟ್ಟಲಿಲ್ಲ ಎಂಬ ನಂಬಿಕೆ ಇದೆ. ರೋಹಿಣಿ ಈಗಲೂ ನೇಪಾಳದ ತರಾಯಿಯಿಂದ ಇಳಿದು, ಗಡಿ ದಾಟಿ, ಗೋರಖ್‌ಪುರದ ಹತ್ತಿರ ರಾಪ್ತಿಯನ್ನು ಸೇರುತ್ತದೆ. ಆಗ ಎರಡು ಕುಲಗಳ ನಡುವೆ ಹರಿದ ನೀರು ಈಗ ಎರಡು ದೇಶಗಳಲ್ಲಿ ಹರಿಯುತ್ತಿದೆ.

ಭಾನುವಾರ 'ಬುದ್ಧ ಮತ್ತು ಅವನ ಧಮ್ಮ'ದ ಮೊದಲ ಖಂಡದ ಇದೇ ಭಾಗ ಓದೋಣ. ಪುಸ್ತಕ ಇದ್ದವರು ತನ್ನಿ, ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್.